ತಂತಿಯಲ್ಲಿ ಹರಿಯುವುದು ಹಾಡಲ್ಲ

ರೂಟರಿಗೂ ಇಂಟರ್ನೆಟ್ಟಿನಿಂದ ಹಾಡು ತರಿಸಿ ನುಡಿಸುವ ಸ್ಟ್ರೀಮರಿಗೂ ನಡುವಿನ ಈಥರ್ನೆಟ್ ಎಂಬ ನೆಟ್‌ವರ್ಕ್ ಕೇಬಲ್ಲನ್ನು ಬದಲಿಸಿದರೆ ಕೊಳಲಿನ ದನಿ ಇಂಪಾಗುತ್ತದೆ ಎಂದು ನಂಬಿ ದುಬಾರಿ ಕೇಬಲ್ ಕೊಳ್ಳುವವರಿದ್ದಾರೆ. ಈ ನಂಬಿಕೆ ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. ರೆಕಾರ್ಡ್ ಪ್ಲೇಯರಿನ ತಂತಿಯಲ್ಲಿರುವ ವೋಲ್ಟೇಜು ಹಾಡಿನ ಪಡಿಯಚ್ಚೇ ಆಗಿರುವುದರಿಂದ ಅಲ್ಲಿ ನುಸುಳಿದ ಗೊರಗೊರ ಸದ್ದು ಸ್ಪೀಕರಿನಲ್ಲೂ ಕೇಳಿಸುತ್ತದೆ. ಈಥರ್ನೆಟ್ ಕೇಬಲ್ಲಿನಲ್ಲಿ ಸಾಗುವುದಾದರೋ ಬರಿಯ ಅಂಕಿಗಳು.

ಕೇಬಲ್ಲಿನೊಳಗಿನ ಎಂಟು ತಂತಿಗಳನ್ನು ಎರಡೆರಡರಂತೆ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಹೊಸೆಯುವ ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಟೆಲಿಫೋನ್ ತಂತಿಗಳಿಗೆ ನೆರೆಯ ತಂತಿಗಳಿಂದಾಗುವ ಕಿರಿಕಿರಿಯನ್ನು ತಪ್ಪಿಸಲು ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಜೋಡಿಯ ಒಂದು ತಂತಿಯಲ್ಲಿ +1, ಇನ್ನೊಂದರಲ್ಲಿ −1 ಕಳುಹಿಸಿದ್ದೇವೆ ಎನ್ನೋಣ. ಹೊರಗಿನ ಗದ್ದಲ ಎರಡಕ್ಕೂ 3ನ್ನು ಸೇರಿಸಿದರೆ ಅವು 4 ಮತ್ತು 2 ಆಗುತ್ತವೆ, ಆದರೆ ಅವುಗಳ ವ್ಯತ್ಯಾಸ ಮೊದಲಿನಂತೆ 2 ಆಗಿಯೇ ಉಳಿಯುತ್ತದೆ, ಮತ್ತು ಆಚೆ ತುದಿಯ ಯಂತ್ರ ನೋಡುವುದು ಆ ವ್ಯತ್ಯಾಸವನ್ನಷ್ಟೇ. ಹೊಸೆತದ ಪ್ರತಿ ಸುತ್ತಿನಲ್ಲೂ ತಂತಿಗಳು ಜಾಗ ಅದಲುಬದಲು ಮಾಡಿಕೊಳ್ಳುವುದರಿಂದ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಗಲುತ್ತದೆ. (ದುಬಾರಿ ಕೇಬಲ್ಲುಗಳ ಮೇಲೆ ಸಿಗ್ನಲ್ ಸಾಗುವ ದಿಕ್ಕನ್ನು ತೋರಿಸುವ ಬಾಣವೂ ಇರುವುದುಂಟು. ಆದರೆ ಸೆಕೆಂಡಿಗೆ 1000 ಮೆಗಾಬಿಟ್ ಒಯ್ಯುವ ಗಿಗಾಬಿಟ್ ಈಥರ್ನೆಟ್ಟಿನಲ್ಲಿ ನಾಲ್ಕೂ ಜೋಡಿಗಳು ಏಕಕಾಲಕ್ಕೆ ಎರಡೂ ದಿಕ್ಕಿಗೆ ಸಿಗ್ನಲ್ ಒಯ್ಯುತ್ತವೆ!)

ಇಷ್ಟರ ಮೇಲೂ ಒಂದು ಅಂಕಿ ಕೆಟ್ಟರೆ? ಲೆಕ್ಕದ ಹಾಳೆಯ ಕೊನೆಯಲ್ಲಿ ಮೊತ್ತ ಬರೆದಿರುವಂತೆ, ಅಂಕಿಗಳನ್ನು ಕಟ್ಟುಕಟ್ಟಾಗಿ ಕಳುಹಿಸುವ ಈಥರ್ನೆಟ್ಟಿನ ಪ್ರತಿಯೊಂದು ಕಟ್ಟಿನ ಕೊನೆಯಲ್ಲಿ 32 ಬಿಟ್ಟುಗಳ (ಸೊನ್ನೆ-ಒಂದುಗಳ) ತಾಳೆಸಂಖ್ಯೆ ಇರುತ್ತದೆ. ಅದು ಹೊಂದದಿದ್ದರೆ ಇಡೀ ಕಟ್ಟನ್ನು ಎಸೆಯಲಾಗುತ್ತದೆ, ಮತ್ತು ಸಂಗೀತ ಸೇವೆಗಳು ಸಾಮಾನ್ಯವಾಗಿ ಬಳಸುವ ಟಿಸಿಪಿ ಎಂಬ ದತ್ತಾಂಶ ಸಾಗಣೆಯ ನಿಯಮದಂತೆ ಅದನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ. ಬಂದ ಅಂಕಿಗಳು ನೇರವಾಗಿ ಸ್ಪೀಕರಿಗೆ ಹೋಗದೆ ಬಫರ್ ಎಂಬ ನೆನಪಿನ ತೊಟ್ಟಿಯಲ್ಲಿ ತಂಗುತ್ತವೆ. ತೊಟ್ಟಿಗೆ ನೀರು ಧೋ ಎಂದು ಸುರಿದರೂ ತಡೆತಡೆದು ಬಂದರೂ ಕೆಳಗಿನ ನಲ್ಲಿಯ ಧಾರೆ ಒಂದೇ ಸಮನಾಗಿರುತ್ತದಲ್ಲವೇ? ಇಲ್ಲಿ ನಲ್ಲಿಯನ್ನು ಆಳುವುದು ಸ್ಟ್ರೀಮರಿನ ಅಥವಾ ಅಂಕಿಗಳನ್ನು ಮತ್ತೆ ವೋಲ್ಟೇಜಾಗಿಸುವ ಡ್ಯಾಕಿನ ಒಳಗಿನ ಸ್ಫಟಿಕ ಗಡಿಯಾರ. ಸಿಡಿ ಗುಣಮಟ್ಟದ ಹಾಡಿಗೆ ಅದರ ತಾಳದಂತೆ ಸೆಕೆಂಡಿಗೆ 44,100 ಬಾರಿ ಅಂಕಿಗಳು ಹೊರಬೀಳುತ್ತವೆ. ಕೇಬಲ್ಲಿಗೆ ಈ ತಾಳದ ಸುಳಿವೇ ಇಲ್ಲ. ಸಂದೇಹವಿರುವವರು ಹಾಡಿನ ನಡುವೆ ಕೇಬಲ್ಲನ್ನು ಕಿತ್ತು ನೋಡಬಹುದು: ಬಫರ್ ತುಂಬಿದ್ದರೆ ಹಾಡು ಕೆಲವು ಸೆಕೆಂಡಾದರೂ ಎಳ್ಳಷ್ಟೂ ಬದಲಾಗದೆ ಮುಂದುವರಿದು, ಆಮೇಲೆ ಥಟ್ಟನೆ ನಿಲ್ಲುತ್ತದೆ. ಕೆಟ್ಟ ಕೇಬಲ್ಲಿನ ಲಕ್ಷಣವೂ ಹೀಗೆ ತಡೆದು ನಿಲ್ಲುವುದೇ ಹೊರತು ಕೊಳಲಿನ ದನಿ ಮಂಕಾಗುವುದಲ್ಲ.

ವೇಗದ ಚಿಂತೆಯೂ ಬೇಡ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಸಾಕು. ಅದಕ್ಕಿಂತ ಸೂಕ್ಷ್ಮವಾದ 24 ಬಿಟ್, 192 ಕಿಲೋಹರ್ಟ್ಸ್ ಸ್ಟೀರಿಯೋ ಹಾಡನ್ನು ಕುಗ್ಗಿಸದೆ ಕಳುಹಿಸಿದರೂ ಬೇಕಾಗುವುದು 9.2 ಮೆಗಾಬಿಟ್. ಕ್ಯಾಟ್ 5ಇ ಎಂಬ ಸಾಧಾರಣ ದರ್ಜೆಯ ಕೇಬಲ್ 100 ಮೀಟರ್ ದೂರಕ್ಕೆ ಸೆಕೆಂಡಿಗೆ 1000 ಮೆಗಾಬಿಟ್ ಒಯ್ಯುತ್ತದೆ. ಗೋಡೆಯೊಳಗೆ ಹುದುಗಿಸುವುದಾದರೆ ಮುಂದಿನ ದಿನಗಳ ದೃಷ್ಟಿಯಿಂದ ಮೇಲಿನ ದರ್ಜೆಯ ಕ್ಯಾಟ್ 6 ಅಥವಾ 6ಎ ಹಾಕಿಸಬಹುದು. ನಿಜವಾಗಿ ಪರೀಕ್ಷಿಸಬೇಕಾದದ್ದು ತಂತಿ ಅಪ್ಪಟ ತಾಮ್ರದ್ದೇ ಎಂಬುದನ್ನು, ಏಕೆಂದರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಗೆ ವಿದ್ಯುತ್ ರೋಧ ಹೆಚ್ಚು, ಬಾಗಿಸಿದರೆ ಮುರಿಯುವ ಗುಣವೂ ಹೆಚ್ಚು.

ಆದರೆ ಕೇಬಲ್ ಧ್ವನಿಯನ್ನು ಕೆಡಿಸಬಲ್ಲ ಒಂದು ದಾರಿ ಇದೆ. ಈಥರ್ನೆಟ್ ಪೋರ್ಟಿನಲ್ಲಿರುವ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಎರಡು ಉಪಕರಣಗಳ ನಡುವೆ ನೇರ ವಿದ್ಯುತ್ ಸಂಪರ್ಕವಾಗದಂತೆ ತಡೆಯುತ್ತವೆ. ಲೋಹದ ಕವಚವಿರುವ ಕೇಬಲ್ಲಿನ ಎರಡೂ ತುದಿಯ ಲೋಹದ ಪ್ಲಗ್ಗುಗಳು ಉಪಕರಣಗಳ ಭೂಸಂಪರ್ಕವನ್ನು ಬೆಸೆದಾಗ ಆ ತಡೆಯನ್ನು ತಪ್ಪಿಸಿಕೊಂಡು ವಿದ್ಯುತ್ ಸುತ್ತತೊಡಗಿ, ಆಂಪ್ಲಿಫೈಯರಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಳ್ಳಬಹುದು. ದತ್ತಾಂಶ ಕೇಂದ್ರಗಳಲ್ಲಿ 30 ಮೀಟರಿನೊಳಗಿನ ಜೋಡಣೆಗೆಂದು ರೂಪಿಸಿದ ಕ್ಯಾಟ್ 8 ಕೇಬಲ್ಲಿಗೆ ಇಂಥ ಕವಚ ಇದ್ದೇ ಇರುತ್ತದೆ. ಅದನ್ನು ತೆಗೆದು ಕವಚವಿಲ್ಲದ ಸಾಧಾರಣ ಕ್ಯಾಟ್ 5ಇ ಹಾಕಿದರೆ ಆ ಸದ್ದು ಅಡಗುತ್ತದೆ.