ತ್ರಿಜ್ಯದೊಳಗಿನ ಆ ಮೂರು ಯಾವುದು?

ಹೋದ ತಿಂಗಳು ಅಕ್ಕನ ಮನೆಗೆ ಹೋದಾಗ ಅವಳ ಮಗಳು ವೃತ್ತಗಳ ಪಾಠ ಹಿಡ್ಕೊಂಡು ಕೂತಿದ್ಲು, ಒಂಬತ್ತನೇ ಕ್ಲಾಸು. "ಮಾಮ, ವೃತ್ತದ ಮೇಲಿನ ಎರಡು ಬಿಂದು ಸೇರಿಸಿದ್ರೆ ಜ್ಯಾ, ಸರಿ. ಹಾಗಾದ್ರೆ ತ್ರಿಜ್ಯ ಅಂದ್ರೆ ಮೂರು ಜ್ಯಾ ಇರ್ಬೇಕಲ್ವಾ? ಇಲ್ಲಿರೋದು ಒಂದೇ ಗೆರೆ, ಅದೂ ಜ್ಯಾ ಅಲ್ಲ" ಅಂದ್ಲು. ನಾನೇನೋ ಗಣಿತದಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡವನೇ, ಆದ್ರೆ ಈ ಪ್ರಶ್ನೆ ಒಂದು ದಿನಾನೂ ತಲೆಗೆ ಬಂದಿರ್ಲಿಲ್ಲ. ನಮಗೆ ಹೇಳಿಕೊಟ್ಟಿದ್ದು ವ್ಯಾಸದ ಅರ್ಧ ತ್ರಿಜ್ಯ ಅಂತ, ಬರ್ಕೊಂಡ್ವಿ, ಮುಗೀತು.

ಜ್ಯಾ ಅಂದ್ರೆ ಬಿಲ್ಲಿನ ಹೆದೆ. ಒಂದು ವೃತ್ತ ಬರೆದು ಅಡ್ಡಕ್ಕೆ ಒಂದು ಜ್ಯಾ ಎಳೆದು ಪೇಪರ್ ತಿರುಗಿಸಿ ನೋಡಿ, ಬಾಗಿರೋ ಭಾಗ ಬಿಲ್ಲು, ನೇರ ಗೆರೆ ಹೆದೆ, ಹೆದೆಯ ಮಧ್ಯದಿಂದ ಬಿಲ್ಲಿನ ಮಧ್ಯಕ್ಕೆ ಒಂದು ಗೆರೆ ಎಳೆದ್ರೆ ಅದು ಬಾಣ. ಹಳೇ ಪುಸ್ತಕಗಳಲ್ಲಿ ಈ ಮೂರಕ್ಕೂ ಅದೇ ಹೆಸರು: ಚಾಪ, ಜ್ಯಾ, ಶರ. ನಮ್ಮ ಪಠ್ಯದಲ್ಲಿ ಚಾಪ ಹೋಗಿ ಕಂಸ ಬಂದಿದೆ, ಶರ ಪೂರ್ತಿ ಮಾಯ, ಹೆದೆ ಮಾತ್ರ ಉಳ್ಕೊಂಡಿದೆ. ಬಿಲ್ಲೇ ಇಲ್ಲದ ಹೆದೆ ಕೊಟ್ಟು ನೆನಪಿಟ್ಕೋ ಅಂದ್ರೆ ಮಕ್ಕಳು ಬಾಯಿಪಾಠ ಮಾಡದೆ ಇನ್ನೇನು ಮಾಡ್ತಾರೆ!

ಈಗ 'ತ್ರಿ'. ಇದಕ್ಕೆ ಉತ್ತರ ಇರೋದು ಆಕಾಶ ನೋಡೋರ ಹತ್ರ. ಗ್ರಹ ಎಲ್ಲಿದೆ ಅಂತ ಲೆಕ್ಕ ಹಾಕೋಕೆ ಅವರಿಗೆ ಇಷ್ಟು ಕೋನಕ್ಕೆ ಜ್ಯಾ ಎಷ್ಟುದ್ದ ಅನ್ನೋ ಟೇಬಲ್ ಬೇಕಿತ್ತು. ಅಲೆಕ್ಸಾಂಡ್ರಿಯಾದ ಟಾಲೆಮಿ ಎರಡನೇ ಶತಮಾನದಲ್ಲಿ ಅಂಥದ್ದೊಂದು ಟೇಬಲ್ ಕೊಟ್ಟಿದ್ದ, ತ್ರಿಜ್ಯ 60 ಅಂತ ಹಿಡಿದು ಅರ್ಧರ್ಧ ಡಿಗ್ರಿಗೆ ಒಂದರಂತೆ, ಆದ್ರೆ ಅದು ಪೂರ್ತಿ ಜ್ಯಾದ ಟೇಬಲ್. ನಮ್ಮ ಕಡೆಯವರು ಮಾಡಿದ ಜಾಣತನ ಏನಂದ್ರೆ ಹೆದೆಯನ್ನ ಅರ್ಧಕ್ಕೆ ಮುರಿದಿದ್ದು. ವೃತ್ತಕೇಂದ್ರದಿಂದ ಜ್ಯಾಕ್ಕೆ ಎಳೆದ ಲಂಬ ಜ್ಯಾವನ್ನು ಅರ್ಧಿಸುತ್ತದೆ ಅಂತ ಒಂಬತ್ತನೇ ಕ್ಲಾಸಲ್ಲಿ ಪ್ರಮೇಯ ಬರುತ್ತಲ್ಲ, ಅದೇ. ಅರ್ಧ ಮಾಡಿದ ತಕ್ಷಣ ಅಲ್ಲೊಂದು ಲಂಬಕೋನ ತ್ರಿಭುಜ ಎದ್ದು ನಿಲ್ಲುತ್ತೆ, ಅರ್ಧ ಜ್ಯಾ ಒಂದು ಬಾಹು, ತ್ರಿಜ್ಯ ವಿಕರ್ಣ, ಮಿಕ್ಕಿದ್ದೆಲ್ಲ ಸಲೀಸು. ಇದಕ್ಕೆ ಅರ್ಧಜ್ಯಾ ಅಂತ ಹೆಸರು, ಆಮೇಲೆ ಹೇಳ್ತಾ ಹೇಳ್ತಾ 'ಅರ್ಧ' ಉದುರಿ ಇದನ್ನೇ ಜ್ಯಾ ಅನ್ನೋಕೆ ಶುರು ಮಾಡಿದ್ರು.

ಆ ತ್ರಿಭುಜದಲ್ಲಿ ವೃತ್ತಕೇಂದ್ರದ ಹತ್ರ ಇರೋ ಕೋನ (ಪೂರ್ತಿ ಜ್ಯಾದ ಕೋನದ ಅರ್ಧ) ದೊಡ್ಡದಾದಷ್ಟೂ ಈ ಅರ್ಧ ಜ್ಯಾ ಬೆಳೀತಾ ಹೋಗುತ್ತೆ, 90 ಡಿಗ್ರಿಗೆ ಬಂದಾಗ ಪೂರ್ತಿ ಜ್ಯಾ ವ್ಯಾಸವೇ ಆಗಿರುತ್ತೆ, ಅದರ ಅರ್ಧ ಅಂದ್ರೆ ವ್ಯಾಸದ ಅರ್ಧ. ಒಂದು ರಾಶಿಗೆ 30 ಡಿಗ್ರಿ, 90 ಅಂದ್ರೆ ಮೂರು ರಾಶಿ. ತ್ರಿ-ರಾಶಿ-ಜ್ಯಾ, ನಡುವಿನ ರಾಶಿ ಬಿಟ್ಟುಹೋಗಿ ತ್ರಿಜ್ಯಾ. ಮೂರು ಹೆದೆ ಅಲ್ಲ, ಮೂರು ರಾಶಿಯ ಹೆದೆ. ಮೇಷ ವೃಷಭ ಮಿಥುನ ಮೂರನ್ನೂ ಜ್ಯಾಮಿಟ್ರಿ ಬಾಕ್ಸಲ್ಲಿ ಇಟ್ಕೊಂಡು ಓಡಾಡ್ತಿದ್ದೀವಿ ಅಂತ ಗೊತ್ತೇ ಇರ್ಲಿಲ್ಲ.

ಆರ್ಯಭಟನ ಕಾಲ ಕ್ರಿ.ಶ. 499, ಆಗ ಅವನಿಗೆ ಇನ್ನೂ 23 ವರ್ಷ. ಅವನು ವೃತ್ತದ ಪರಿಧಿಯನ್ನ ಕಲೆಗಳಲ್ಲಿ ಅಂದ್ರೆ ಮಿನಿಟುಗಳಲ್ಲಿ ಅಳೀತಾನೆ, 360 ಗುಣಿಸು 60, ಒಟ್ಟು 21600. ಪೈ ಬೆಲೆ ಅವನದೇ ಶ್ಲೋಕದಲ್ಲಿದೆ, 100ಕ್ಕೆ 4 ಕೂಡಿಸಿ 8ರಿಂದ ಗುಣಿಸಿ 62000 ಸೇರಿಸು, ಅದು 20000 ವ್ಯಾಸದ ವೃತ್ತಕ್ಕೆ ಪರಿಧಿ. ಹಾಕಿ ನೋಡಿ, 62832, ಭಾಗಿಸಿದ್ರೆ 3.1416. ಅದನ್ನೂ 'ಆಸನ್ನ', ಹತ್ತಿರದ್ದು ಅಷ್ಟೇ, ಅಂತ ಹೇಳಿಬಿಡ್ತಾನೆ. 21600 ಪರಿಧಿಗೆ ತ್ರಿಜ್ಯ 3438 ಬರುತ್ತೆ. ಅವನ ಟೇಬಲ್‌ನಲ್ಲಿ 24 ಸಂಖ್ಯೆಗಳಿವೆ, 225, 224, 222, 219 ಅಂತ ಇಳೀತಾ ಹೋಗಿ 7ಕ್ಕೆ ಮುಗಿಯುತ್ತೆ, ಇವು ಒಂದು ಜ್ಯಾಗೂ ಮುಂದಿನದ್ದಕ್ಕೂ ಇರೋ ವ್ಯತ್ಯಾಸ. 24 ಸೇರಿ 90 ಡಿಗ್ರಿ, ಹಾಗಾಗಿ ಮೊದಲ ಎಂಟನ್ನ ಕೂಡಿಸಿದ್ರೆ 30 ಡಿಗ್ರಿಯ ಜ್ಯಾ. ನಾವಿಬ್ರೂ ಕೂತು ಕೂಡಿಸಿದ್ವಿ, 1719 ಬಂತು, ಸರಿಯಾಗಿ 3438ರ ಅರ್ಧ! ಹತ್ತನೇ ಕ್ಲಾಸಲ್ಲಿ ಸೈನ್ 30 ಅಂದ್ರೆ 1/2 ಅಂತ ಉರು ಹೊಡೀತಾರಲ್ಲ, ಅದೇ ಇದು. ಕೈವಾರ ಸಿಕ್ಕ ತಕ್ಷಣ ಎಲ್ಲರೂ ಆರು ದಳದ ಹೂ ಬಿಡಿಸ್ತಾರೆ, ತ್ರಿಜ್ಯದಷ್ಟೇ ಅಗಲ ಇಟ್ಕೊಂಡು ಸುತ್ತಲೂ ಕುಟ್ಟಿದ್ರೆ ಸರಿಯಾಗಿ ಆರು ಸಲಕ್ಕೆ ಮುಗಿಯುತ್ತೆ, ಅಂದ್ರೆ 60 ಡಿಗ್ರಿಯ ಜ್ಯಾ ತ್ರಿಜ್ಯದಷ್ಟೇ ಉದ್ದ, ಅದರ ಅರ್ಧ 30ರ ಅರ್ಧಜ್ಯಾ. ಈ ಹೂವಿನ ಮಾತನ್ನೂ ಆರ್ಯಭಟ ಹೇಳಿದ್ದಾನೆ, ಪರಿಧಿಯ ಆರನೇ ಒಂದು ಭಾಗದ ಜ್ಯಾ ವ್ಯಾಸಾರ್ಧಕ್ಕೆ ಸಮ ಅಂತ.

ಪಠ್ಯದಿಂದ ಬಿಟ್ಟುಹೋದ ಬಾಣದ ಬಗ್ಗೆ ನಂಗೆ ನಿಜಕ್ಕೂ ಬೇಜಾರಿದೆ, ಯಾಕಂದ್ರೆ ಮಜಾ ಇರೋದೇ ಅಲ್ಲಿ. ಹೆದೆಯ ಈ ಕಡೆ ಒಂದು ಬಿಲ್ಲು, ಆ ಕಡೆ ಇನ್ನೊಂದು, ಎರಡರ ಶರಗಳನ್ನ ಗುಣಿಸಿದ್ರೆ ಅರ್ಧಜ್ಯಾದ ವರ್ಗ ಬರುತ್ತೆ, ಇದೂ ಆರ್ಯಭಟೀಯದ್ದೇ ಸೂತ್ರ. ಲೀಲಾವತಿಯಲ್ಲಿ (1150) ಭಾಸ್ಕರಾಚಾರ್ಯರ ಒಂದು ಲೆಕ್ಕ ಇದೆ, ಕೆರೆ ನೀರಿನ ಮೇಲೆ ತಾವರೆ ಮೊಗ್ಗು ಅರ್ಧ ಮೊಳ ಎದ್ದಿದೆ, ಗಾಳಿಗೆ ಮೆಲ್ಲಗೆ ವಾಲಿ ಎರಡು ಮೊಳ ಆಚೆ ಮುಳುಗ್ತು, ಕೆರೆ ಎಷ್ಟು ಆಳ? ದಂಟು ಬುಡದಲ್ಲಿ ಕಚ್ಕೊಂಡು ತಿರುಗುತ್ತೆ, ಅಂದ್ರೆ ಅದೇ ತ್ರಿಜ್ಯ, ನೀರಿನ ಮಟ್ಟ ಜ್ಯಾ, ಮೇಲೆದ್ದ ಅರ್ಧ ಮೊಳ ಬಾಣ. 2ರ ವರ್ಗ 4, ಅರ್ಧದಿಂದ ಭಾಗಿಸಿದ್ರೆ 8, ಅದು ಕೆಳಗಿನ ಶರ. ವ್ಯಾಸ ಎಂಟೂವರೆ, ತ್ರಿಜ್ಯ ನಾಲ್ಕೂಕಾಲು, ಅರ್ಧ ಕಳೆದ್ರೆ ಆಳ ಮೂರೂಮುಕ್ಕಾಲು ಮೊಳ. ಸಮೀಕರಣ ಬೇಡ, ಎಕ್ಸ್ ಬೇಡ. (ಭಾಸ್ಕರಾಚಾರ್ಯರು ವಿಜಯಪುರದವರು ಅಂತ ನಾವು, ಮಹಾರಾಷ್ಟ್ರದವರು ಅಂತ ಅವರು, ಆ ಜಗಳ ಇನ್ನೊಂದಿನ.)

ಅವರಿಗಿಂತ ಸುಮಾರು 300 ವರ್ಷ ಮುಂಚೆ ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲೇ ಮಹಾವೀರಾಚಾರ್ಯ ಬಿಲ್ಲಿನಾಕಾರದ ಕ್ಷೇತ್ರಫಲಕ್ಕೆ ಒಂದು ಅಂದಾಜಿನ ಸೂತ್ರ ಕೊಟ್ಟಿದ್ದ: ಹೆದೆಗೆ ಬಾಣ ಕೂಡಿಸಿ ಬಾಣದ ಅರ್ಧದಿಂದ ಗುಣಿಸು. ವ್ಯಾಸ 14ರ ಅರ್ಧವೃತ್ತಕ್ಕೆ ಹಾಕಿದ್ರೆ 73.5 ಬರುತ್ತೆ, 22/7 ಹಾಕಿದ್ರೆ 77. ಪೈ 3 ಅಂತ ಹಿಡಿದ ಲೆಕ್ಕ, ಹೊಲ ಅಳೆಯೋಕೆ ಸಾಕು, ಎಸ್‌ಎಸ್‌ಎಲ್‌ಸಿಗೆ ಸಾಲದು.

ಇನ್ನು ಸೈನ್. ಜ್ಯಾಕ್ಕೆ ಜೀವಾ ಅಂತಲೂ ಹೆಸರು. ಅರಬ್ಬರು ಅದನ್ನ ಹಾಗೇ ತಗೊಂಡು ಜೀಬ ಅಂದ್ರು, ಅರಬ್ಬಿಯಲ್ಲಿ ಸ್ವರ ಬರೆಯೋ ರೂಢಿ ಕಮ್ಮಿ, ಬರೀ ಜ-ಬ ಅಂತ ಇದ್ದಿದ್ದನ್ನ ಆಮೇಲಿನವರು ತಮಗೆ ಗೊತ್ತಿದ್ದ 'ಜೈಬ್' ಅಂತ ಓದಿದ್ರು. ಜೈಬ್ ಅಂದ್ರೆ ಅಂಗಿಯ ಎದೆಯ ಹತ್ರದ ಮಡಿಕೆ. 12ನೇ ಶತಮಾನದಲ್ಲಿ ಅದನ್ನ ಲ್ಯಾಟಿನ್‌ಗೆ ತಂದೋರು ಅರ್ಥ ನೋಡಿ ಅಂಥದ್ದೇ ಪದ ಹಾಕಿದ್ರು, ಸೈನಸ್. ಅಲ್ಲಿಂದ ಸೈನ್. ಅದೇ ಜೈಬ್ ಪಾರ್ಸಿ ಹಿಂದೂಸ್ತಾನಿ ದಾರಿಯಲ್ಲಿ ನಮ್ಮಲ್ಲಿಗೂ ಬಂದಿದೆ, ನಾವು ಜೇಬು ಅಂತೀವಲ್ಲ, ಅದು. ಹೆದೆ ಹೋಗಿ ಜೇಬಾಗಿ ವಾಪಸ್ ಬಂದು ತ್ರಿಕೋನಮಿತಿ ಪಾಠದಲ್ಲಿ ಕೂತಿದೆ, ವೃತ್ತದ ಪಾಠದಲ್ಲಿ ಜ್ಯಾ ಅಂತ ಬೇರೇನೇ ಕೂತಿದೆ, ಎರಡೂ ಒಂದೇ ಅಂತ ಮಕ್ಕಳಿಗೆ ಯಾರೂ ಹೇಳಲ್ಲ. ಹಾಗಂತ ಸಿಕ್ಕಿದ್ದನ್ನೆಲ್ಲ ನಮ್ಮದು ಅನ್ನೋಕೂ ಆಗಲ್ಲ, ಕೊಸೈನಿಗೆ ನಮ್ಮಲ್ಲಿ ಕೋಟಿಜ್ಯಾ ಅಂತ ಹೆಸರಿದ್ರೂ ಅದರ 'ಕೊ' ಅಲ್ಲಿಂದ ಬಂದಿದ್ದಲ್ಲ, ಅದು ಲ್ಯಾಟಿನ್‌ನ ಕಾಂಪ್ಲಿಮೆಂಟ್, ಅಂದ್ರೆ ಪೂರಕ ಕೋನದ ಸೈನ್.

ಸ್ಪರ್ಶಕ, ಛೇದಕ ನೋಡಿ, ಅವು ಬಿಲ್ಲಿನ ಸಂಸಾರದವೇ ಅಲ್ಲ. ಟ್ಯಾಂಜೆಂಟ್, ಸೀಕೆಂಟ್ ಅನ್ನೋ ಹೆಸರು 1583ರಲ್ಲಿ ಥಾಮಸ್ ಫಿಂಕೆ ಅನ್ನೋನು ಇಟ್ಟಿದ್ದು, ಲ್ಯಾಟಿನ್‌ನಲ್ಲಿ ಮುಟ್ಟೋದು ಮತ್ತು ಕತ್ತರಿಸೋದು. ನಮ್ಮ ಪದಗಳ ಅರ್ಥವೂ ಸರಿಯಾಗಿ ಅದೇ.

ಇಷ್ಟೆಲ್ಲ ಕೇಳಿ ಅವಳು ನೋಟ್‌ಬುಕ್ಕಲ್ಲಿ ವೃತ್ತದೊಳಗೆ ಬಿಲ್ಲು ಬಾಣ ಎರಡೂ ಬಿಡಿಸಿದ್ಲು, ಆಮೇಲೆ ಪೆನ್ಸಿಲ್ ತುದಿಯಲ್ಲಿ ಬಿಲ್ಲನ್ನ ತೋರಿಸಿ "ಇದು ಕಂಸ ಅಂದ್ರಲ್ಲ ಮಾಮ, ಕಂಸ ಅಂದ್ರೆ ಕೃಷ್ಣನ ಸೋದರಮಾವ ಅಲ್ವಾ?" ಅಂತ ನನ್ನ ಮುಖ ನೋಡಿದ್ಲು.