ಕಲಿಯಿಂದ ಮೊಲೋಕ್‌ವರೆಗೆ: ಸಮಾಜದ ಶಕ್ತಿಗಳಿಗೆ ಪುರಾಣದ ಹೆಸರೇಕೆ?

ಸಮುದ್ರದಲ್ಲಿ ಮೀನು ಕಡಿಮೆಯಾಗುತ್ತಿದೆ ಅಂತ ಬಲೆ ಬೀಸುವ ಎಲ್ಲರಿಗೂ ಗೊತ್ತು. ಸ್ವಲ್ಪ ಕಾಲ ಸುಮ್ಮನಿದ್ದರೆ ಮರಿಗಳು ಬೆಳೆಯುತ್ತವೆ ಎಂಬುದೂ ಗೊತ್ತು. ಆದರೆ ನಾನು ಬಿಟ್ಟರೆ ಪಕ್ಕದ ದೋಣಿಯವನು ಹಿಡಿಯುತ್ತಾನಲ್ವಾ? ಹಾಗಾಗಿ ಎಲ್ಲರೂ ಇನ್ನೂ ಜಾಸ್ತಿ ಹಿಡಿಯುತ್ತಾರೆ. ಕೊನೆಗೆ ಎಲ್ಲರ ಬಲೆಯೂ ಖಾಲಿ. ಇಲ್ಲಿ ಕೆಟ್ಟವರು ಯಾರೂ ಇಲ್ಲ, ಆದರೂ ಕೆಟ್ಟದ್ದು ನಡೆದುಹೋಯಿತು. ಇದನ್ನು ಮಾಡಿಸಿದ್ದು ಯಾರು?

ಉತ್ತರ ಸಿಗದ ಕಡೆ ಜನ ಪುರಾಣದ ಹೆಸರಿಗೆ ಕೈಹಾಕುತ್ತಾರೆ. ಇದು ಹಳೆಯ ಅಭ್ಯಾಸ. ಕ್ರಿ.ಪೂ. 700ರ ಸುಮಾರಿನ ಗ್ರೀಕ್ ಕವಿ ಹೆಸಿಯಡ್, ಕಲಹದ ದೇವಿ ಎರಿಸ್ ಒಬ್ಬಳಲ್ಲ, ಇಬ್ಬರು ಎಂದ. ಒಬ್ಬಳು ಯುದ್ಧ ಹಚ್ಚುತ್ತಾಳೆ. ಇನ್ನೊಬ್ಬಳು ನೆರೆಯವನ ಬೆಳೆ ನೋಡಿದ ಸೋಮಾರಿಯನ್ನು ಎಬ್ಬಿಸಿ ಹೊಲಕ್ಕೆ ಕಳಿಸುತ್ತಾಳೆ. ಪೈಪೋಟಿಯಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ ಅನ್ನುವುದನ್ನು ಇಷ್ಟು ಸಲೀಸಾಗಿ ಹೇಳಿದವರು ಕಡಿಮೆ.

1651ರಲ್ಲಿ ಥಾಮಸ್ ಹಾಬ್ಸ್ ರಾಜ್ಯಶಕ್ತಿಗೆ ಬೈಬಲ್ಲಿನ ಕಡಲ ದೈತ್ಯ ಲೆವಯಾಥನ್‌ನ ಹೆಸರಿಟ್ಟ. ಇಂಗ್ಲೆಂಡ್ ಆಗ ಅಂತರ್ಯುದ್ಧದಲ್ಲಿ ನಜ್ಜುಗುಜ್ಜಾಗಿತ್ತು. ಆ ಪುಸ್ತಕದ ಮೊದಲ ಚಿತ್ರವನ್ನು ನಿಧಾನವಾಗಿ ನೋಡಬೇಕು. ಗುಡ್ಡಗಳ ಹಿಂದಿನಿಂದ ಕಿರೀಟ ತೊಟ್ಟ ದೈತ್ಯನೊಬ್ಬ ಎದ್ದಿದ್ದಾನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಿಷಪ್ಪನ ದಂಡ. ಹತ್ತಿರ ಹೋದರೆ ಅವನ ಎದೆ, ತೋಳುಗಳೆಲ್ಲ ಪುಟ್ಟ ಪುಟ್ಟ ಮನುಷ್ಯರು. ನಮಗೆ ಬೆನ್ನು ಹಾಕಿ ಅವನ ಮುಖವನ್ನೇ ನೋಡುತ್ತಿದ್ದಾರೆ. ದೈತ್ಯ ಹೊರಗಿನಿಂದ ಬಂದವನಲ್ಲ, ಜನರೇ ಸೇರಿ ಆದವನು. ಇಂಥ ಶಕ್ತಿಗಳ ಬಗ್ಗೆ ನಾನು ಕಂಡ ಅತ್ಯಂತ ಪ್ರಾಮಾಣಿಕ ಚಿತ್ರ ಇದು.

ಎಲ್ಲ ಹೆಸರುಗಳೂ ಇಷ್ಟು ಪ್ರಾಮಾಣಿಕವಲ್ಲ. ಪುರಿಯ ಜಗನ್ನಾಥನ ರಥದ ಚಕ್ರಕ್ಕೆ ಭಕ್ತರು ಬಿದ್ದು ಸಾಯುತ್ತಾರೆಂಬ ಕಥೆಯನ್ನು ಯುರೋಪಿನ ಪ್ರವಾಸಿಗಳು ಶತಮಾನಗಳ ಕಾಲ ಹಬ್ಬಿಸಿದರು. 1806ರಲ್ಲಿ ಪುರಿಗೆ ಹೋದ ಪಾದ್ರಿ ಕ್ಲಾಡಿಯಸ್ ಬುಕಾನನ್ ಜಗನ್ನಾಥನನ್ನು ಬೈಬಲ್ಲಿನಲ್ಲಿ ಬರುವ, ಮಕ್ಕಳ ಬಲಿ ಪಡೆಯುವ ಮೊಲೋಕ್‌ಗೆ ಹೋಲಿಸಿ ಬರೆದ. 1867ರಲ್ಲಿ ಕಾರ್ಲ್ ಮಾರ್ಕ್ಸ್ ಬಂಡವಾಳವನ್ನೇ ಅಂಥ ಜಗನ್ನಾಥ ರಥ ಎಂದ. ಕಾರ್ಮಿಕರ ಸಂಕಟ ನಿಜ. ಆದರೆ ಲಕ್ಷಾಂತರ ಜನ ಪ್ರೀತಿಯಿಂದ ಎಳೆಯುವ ದೇವರ ರಥ ಕ್ರೂರ ಯಂತ್ರದ ಗುರುತಾಯಿತು. ಇದು ಅನ್ಯಾಯ, ಇನ್ನೂ ಸರಿಹೋಗಿಲ್ಲ.

ಮೊಲೋಕ್‌ನ ಕಥೆಯೂ ವಿಚಿತ್ರ. ಬೈಬಲ್ಲಿನಲ್ಲಿ ಮಕ್ಕಳನ್ನು ಬೆಂಕಿಗೆ ಕೊಡುವುದು ಇವನಿಗೆ. 1956ರಲ್ಲಿ ಪ್ರಕಟವಾದ ಪದ್ಯವೊಂದರಲ್ಲಿ ಅಮೆರಿಕದ ಕವಿ ಅಲೆನ್ ಗಿನ್ಸ್‌ಬರ್ಗ್ ಹಣ, ಯಂತ್ರ, ಯುದ್ಧ ಎಲ್ಲವನ್ನೂ ಸೇರಿಸಿ ಈ ಹೆಸರಿನಿಂದ ಕರೆದ. 2014ರಲ್ಲಿ ಬಂದ ಒಂದು ಇಂಗ್ಲಿಷ್ ಪ್ರಬಂಧ ಅದೇ ಪದ್ಯ ಹಿಡಿದು ಹೆಸರಿನ ಅರ್ಥವನ್ನು ಬಿಗಿ ಮಾಡಿತು: ಗೆಲ್ಲಲು ಎಲ್ಲರೂ ಪ್ರೀತಿಯದ್ದನ್ನು ಬಲಿಕೊಟ್ಟು, ಕೊನೆಗೆ ಯಾರೂ ಮುಂದೆ ಹೋಗದ ಪೈಪೋಟಿ. ಮೀನಿನ ಕಥೆ ಅದೇ. ಆದರೆ 1935ರಲ್ಲೇ ಜರ್ಮನ್ ವಿದ್ವಾಂಸ ಒಟ್ಟೊ ಐಸ್‌ಫೆಲ್ಟ್, ಅಂಥ ದೇವರೇ ಇರಲಿಲ್ಲ, ಅದು ಒಂದು ಬಗೆಯ ಬಲಿಯ ಹೆಸರು ಎಂದು ವಾದಿಸಿದ್ದ. ವಾದ ಇನ್ನೂ ಮುಗಿದಿಲ್ಲ. ಅವನ ಮಾತು ನಿಜವಾದರೆ ಹೆಸರು ಇನ್ನೂ ಚೆನ್ನಾಗಿ ಕೂರುತ್ತದೆ. ಕೇಳುವವನು ಯಾರೂ ಇಲ್ಲ, ಕೊಡುವುದು ಮಾತ್ರ ನಿಂತಿಲ್ಲ.

ಮೊಲೋಕ್‌ನಲ್ಲಿ ನನಗೆ ಕಾಣುವ ಕೊರತೆ ಒಂದೇ. ಭಯ ಹುಟ್ಟುತ್ತದೆ, ದಾರಿ ಕಾಣುವುದಿಲ್ಲ. ಮುಖ ಕೊಟ್ಟ ಕೂಡಲೇ ಕೊಲ್ಲಲು ಯಾರಾದರೂ ಬೇಕು ಅನ್ನಿಸುತ್ತದೆ. ಹೆಸರು ಹುಡುಕುವವರು ಆ ಶಕ್ತಿಯನ್ನು ಕಥೆಯಲ್ಲಿ ಹೇಗೆ ಕಟ್ಟಿಹಾಕಿದರು ಎಂದೂ ನೋಡಬೇಕು.

ಭಾಗವತದ ಕಲಿ ಈ ದೃಷ್ಟಿಯಿಂದ ದೊಡ್ಡ ಕಥೆ. ರಾಜವೇಷದ ಕಲಿ ಒಂಟಿಕಾಲಿನ ಎತ್ತನ್ನು ಹೊಡೆಯುತ್ತಿರುವುದನ್ನು ಪರೀಕ್ಷಿತ ನೋಡುತ್ತಾನೆ. ಎತ್ತು ಎಂದರೆ ಧರ್ಮ. ಕತ್ತಿ ಎತ್ತಿದವನ ಕಾಲಿಗೆ ಕಲಿ ಬೀಳುತ್ತಾನೆ. ಶರಣು ಬಂದವನನ್ನು ರಾಜ ಕೊಲ್ಲುವುದಿಲ್ಲ, ಜಾಗ ಗೊತ್ತುಮಾಡುತ್ತಾನೆ: ಜೂಜು, ಕುಡಿತ, ವ್ಯಭಿಚಾರ, ಪ್ರಾಣಿವಧೆ. ಇದರಾಚೆ ಕಾಲಿಡಬೇಡ ಎಂದ ಹಾಗೆ. ಕಲಿ ಇನ್ನೊಂದು ಜಾಗ ಕೇಳುತ್ತಾನೆ. ರಾಜ ಚಿನ್ನವನ್ನೂ ಕೊಟ್ಟುಬಿಡುತ್ತಾನೆ. ಆ ಚಿನ್ನ ಪರೀಕ್ಷಿತನ ಕಿರೀಟದಲ್ಲೇ ಇತ್ತು, ಕಲಿ ಅಲ್ಲೇ ಹೊಕ್ಕ ಎನ್ನುತ್ತಾರೆ ಕಥೆ ಹೇಳುವವರು.