ಸಿಗ್ನಲ್ 11 ಯಾರ ಪಾಲಿಗೆ?

ಸುರತ್ಕಲ್, ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ಸಿ ಬರೆದವರಿಗೆಲ್ಲ ‘ಸೆಗ್ಮೆಂಟೇಶನ್ ಫಾಲ್ಟ್’ ಪರಿಚಿತ: ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು. ಜಾವಾಕ್ಕೆ ಬಂದಾಗ ‘ನಲ್ ಪಾಯಿಂಟರ್ ಎಕ್ಸೆಪ್ಶನ್’ ಸಿಗುತ್ತದೆ: ನಲ್, ಅಂದರೆ ಏನನ್ನೂ ತೋರಿಸದ ಖಾಲಿ ಪಾಯಿಂಟರನ್ನು ಬಳಸಿದ ತಪ್ಪು. ಮೊದಲನೆಯದು ಪ್ರೋಗ್ರಾಮನ್ನು ಅಲ್ಲೇ ಮುಗಿಸುತ್ತದೆ. ಎರಡನೆಯದನ್ನು ಕೋಡ್‌ನಲ್ಲೇ ಹಿಡಿದು (ಕ್ಯಾಚ್ ಮಾಡಿ) ಮುಂದೆ ಹೋಗಬಹುದು. ಆದರೆ ಪ್ರೊಸೆಸರ್‌ನ ಮಟ್ಟಕ್ಕೆ ಇಳಿದು ನೋಡಿದರೆ ಲಿನಕ್ಸ್‌ನಲ್ಲಿ ಎಷ್ಟೋ ಸಲ ಎರಡೂ ಒಂದೇ: ಸಿಗ್ನಲ್ 11, ಅಂದರೆ ಸಿಗ್‌ಸೆಗ್‌ವಿ, ತಪ್ಪು ಮೆಮೊರಿ ಮುಟ್ಟಿದ್ದೀಯೆಂದು ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಮಿಗೆ ಕಳಿಸುವ ಸೂಚನೆ.

1965ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಆಲ್ಗಾಲ್ ಡಬ್ಲ್ಯು ಭಾಷೆಗೆ ನಲ್ ಸೇರಿಸಿದರು, ತಪ್ಪು ವಿಳಾಸ ಮುಟ್ಟಿದ ಪ್ರೋಗ್ರಾಮನ್ನು ಸಿಗ್ನಲ್ ಕಳಿಸಿ ಮುಗಿಸುವುದನ್ನು ಯುನಿಕ್ಸ್ ರೂಢಿಗೆ ತಂದಿತು, 1995ರ ಜಾವಾ ಅದೇ ತಪ್ಪನ್ನು ಹಿಡಿಯಬಹುದಾದ ಎಕ್ಸೆಪ್ಶನ್ ಮಾಡಿತು. ಗೋಜಲು ಹುಟ್ಟಿದ್ದು ಅದರ ಮುಂದಿನ ಹಂತದಲ್ಲಿ, ವೇಗಕ್ಕಾಗಿ ಮಾಡಿದ ಒಂದು ಉಳಿತಾಯದಿಂದ.

ಆಬ್ಜೆಕ್ಟ್‌ನ ಪ್ರತಿ ಫೀಲ್ಡ್ ಓದುವ ಮೊದಲು ‘ಇದು ನಲ್ಲೇ?’ ಎಂದು ಕೇಳುವುದು ದುಬಾರಿ. 1999ರಲ್ಲಿ ಬಂದ, ಜಾವಾ ಪ್ರೋಗ್ರಾಮನ್ನು ಓಡಿಸುವ ಹಾಟ್‌ಸ್ಪಾಟ್‌ನಂಥ ರನ್‌ಟೈಮ್‌ಗಳು ಆ ಪ್ರಶ್ನೆಯನ್ನು ಕೈಬಿಟ್ಟು ಕೆಲಸವನ್ನು ಹಾರ್ಡ್‌ವೇರ್‌ಗೆ ವಹಿಸಿದವು. ಮೆಮೊರಿಯನ್ನು ಪೇಜ್ ಎಂಬ ತುಂಡುಗಳಲ್ಲಿ ಹಂಚುತ್ತಾರೆ; ಮೊದಲ ಪೇಜನ್ನು, ಸಾಮಾನ್ಯವಾಗಿ 4096 ಬೈಟ್, ಯಾರಿಗೂ ಕೊಟ್ಟಿರುವುದಿಲ್ಲ. ನಲ್‌ನ ವಿಳಾಸ 0; ಹಾಗಾಗಿ ನಲ್ ಆಬ್ಜೆಕ್ಟ್‌ನ 16ನೇ ಬೈಟ್‌ನಲ್ಲಿರುವ ಫೀಲ್ಡ್ ಓದಲು ಹೋದರೆ ವಿಳಾಸ 16 ಆಗುತ್ತದೆ. ಎಕ್ಸ್86 ಪ್ರೊಸೆಸರ್ 14ನೇ ಎಕ್ಸೆಪ್ಶನ್, ಅಂದರೆ ಪೇಜ್ ಫಾಲ್ಟ್, ಎಬ್ಬಿಸಿ ವಿಳಾಸವನ್ನು ಸಿಆರ್2 ರಿಜಿಸ್ಟರ್‌ನಲ್ಲಿ ಬರೆದಿಡುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಸಿಗ್ನಲ್ 11 ಮಾಡಿ ರನ್‌ಟೈಮ್‌ನ ಹ್ಯಾಂಡ್ಲರ್‌ಗೆ, ಅಂದರೆ ಸಿಗ್ನಲ್ ಬಂದಾಗ ಓಡುವ ಕೋಡ್‌ಗೆ, ಕೊಡುತ್ತದೆ. ಜೊತೆಗೆ ಆ ಕ್ಷಣದ ರಿಜಿಸ್ಟರ್‌ಗಳನ್ನೂ.

ಹ್ಯಾಂಡ್ಲರ್ ಮೂರು ವಿಷಯ ನೋಡಬೇಕು. ಎಡವಿದ ಇನ್‌ಸ್ಟ್ರಕ್ಷನ್ ತಾನೇ ಕಂಪೈಲ್ ಮಾಡಿದ ಕೋಡ್‌ನಲ್ಲಿದೆಯೇ, ವಿಳಾಸ ಮೊದಲ ಪೇಜ್‌ನೊಳಗಿದೆಯೇ, ಆ ಜಾಗಕ್ಕೆ ತನ್ನ ಪಟ್ಟಿಯಲ್ಲಿ ನಮೂದಿದೆಯೇ. ಮೂರೂ ಹೌದಾದರೆ ಉಳಿಸಿಟ್ಟ ಪ್ರೋಗ್ರಾಂ ಕೌಂಟರನ್ನು (ಯಾವ ಇನ್‌ಸ್ಟ್ರಕ್ಷನ್ ಓಡಬೇಕೆಂದು ಹೇಳುವ ವಿಳಾಸ) ಎಕ್ಸೆಪ್ಶನ್ ಎಸೆಯುವ ಕೋಡ್‌ಗೆ ತಿರುಗಿಸಿ ಮರಳುತ್ತದೆ. ತಿರುಗಿಸದೆ ಮರಳಿದರೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಎಡವುತ್ತದೆ, ಪ್ರೋಗ್ರಾಂ ಅಲ್ಲೇ ಸುತ್ತುತ್ತದೆ. ಫೀಲ್ಡ್ ಮೊದಲ ಪೇಜ್‌ನ ಆಚೆ ಬೀಳುವಷ್ಟು ದೂರದಲ್ಲಿದ್ದರೆ ಮಾತ್ರ ಹಳೆಯ ನೇರ ತಪಾಸಣೆ ಬೇಕು. ಗೋ ಭಾಷೆಯದೂ ಇದೇ ದಾರಿ: ಅದರ ಹ್ಯಾಂಡ್ಲರ್, ಎಡವಿದ ಇನ್‌ಸ್ಟ್ರಕ್ಷನ್ನೇ ಪ್ಯಾನಿಕ್ ಫಂಕ್ಷನ್ನನ್ನು ಕರೆದಂತೆ ಸ್ಟಾಕನ್ನು (ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿಯನ್ನು) ಹೊಂದಿಸುತ್ತದೆ.

ಸ್ಟಾಕ್ ಉಕ್ಕಿದಾಗಿನ ಕಷ್ಟ ಬೇರೆ. ಸ್ಟಾಕ್‌ನ ತುದಿಯಲ್ಲಿ ಮುಟ್ಟಬಾರದ ಗಾರ್ಡ್ ಪೇಜ್ ಇರುತ್ತದೆ, ಉಳ್ಳಾಲದ ಕಡಲ ಬದಿಗೆ ಹಾಕಿದ ಬಂಡೆಗಳ ತಡೆಗೋಡೆಯ ಹಾಗೆ. ಆದರೆ ಹ್ಯಾಂಡ್ಲರ್‌ಗೂ ಓಡಲು ಸ್ಟಾಕ್ ಬೇಕಲ್ಲ. ಸಿಗ್‌ಆಲ್ಟ್‌ಸ್ಟಾಕ್ ಎಂಬ ಸಿಸ್ಟಂ ಫಂಕ್ಷನ್ ಕರೆದು ಬೇರೆ ಜಾಗ ಕೊಟ್ಟಿರದಿದ್ದರೆ, ಸಿಗ್ನಲ್‌ನ ಮಾಹಿತಿ ಇಡಲು ಕರ್ನಲ್‌ಗೆ ಜಾಗ ಸಿಗದೆ ಪ್ರಾಸೆಸ್ ಒಂದಕ್ಷರ ಲಾಗ್ ಬರೆಯದೆ ಸಾಯುತ್ತದೆ.

ಹೆಚ್ಚಿನ ಪೇಚಾಟ ನಡೆಯುವುದು ಸಿ ಲೈಬ್ರರಿಗಳು ಒಳಬಂದ ಮೇಲೆ. ಒಂದು ಪ್ರಾಸೆಸ್‌ನಲ್ಲಿ ಒಂದು ಸಿಗ್ನಲ್‌ಗೆ ಒಂದೇ ಹ್ಯಾಂಡ್ಲರ್. ಕ್ರ್ಯಾಶ್ ವರದಿ ಮಾಡುವ ಲೈಬ್ರರಿಯೊಂದು ಸಿಗ್ನಲ್ 11ನ್ನು ತನ್ನದಾಗಿಸಿಕೊಂಡರೆ, ಜಾವಾದಲ್ಲಿ ಕ್ಯಾಚ್ ಆಗಬೇಕಿದ್ದ ಸಾಮಾನ್ಯ ನಲ್ ಕೂಡ ‘ಕ್ರ್ಯಾಶ್’ ಎಂದು ದಾಖಲಾಗಿ ಸರ್ವರ್ ಬೀಳುತ್ತದೆ. ಜಾವಾದಲ್ಲಿ ಇದಕ್ಕೆಂದೇ ಲಿಬ್‌ಜೆಸಿಗ್ ಎಂಬ ಲೈಬ್ರರಿ ಇದೆ. ಲಿನಕ್ಸ್‌ನ ಎಲ್‌ಡಿ ಪ್ರಿಲೋಡ್ ಸೆಟ್ಟಿಂಗ್‌ನಿಂದ ಅದನ್ನು ಮೊದಲೇ ಲೋಡ್ ಮಾಡಿದರೆ ಎರಡೂ ಹ್ಯಾಂಡ್ಲರ್‌ಗಳು ಸರಪಳಿಯಾಗುತ್ತವೆ. ಗೋ ಜೊತೆ ಸೇರುವ ಸಿ ಹ್ಯಾಂಡ್ಲರ್‌ಗಳಿಗೆ ಬೇರೆ ಸ್ಟಾಕ್‌ನಲ್ಲಿ ಓಡು ಎನ್ನುವ ಎಸ್‌ಎ ಆನ್‌ಸ್ಟಾಕ್ ಫ್ಲ್ಯಾಗ್ ಕಡ್ಡಾಯ, ಏಕೆಂದರೆ ಗೋರುಟೀನ್‌ಗಳ (ಗೋದ ಹಗುರ ಥ್ರೆಡ್‌ಗಳ) ಸ್ಟಾಕ್ ಬಹಳ ಚಿಕ್ಕದು.

ಇನ್ನೊಂದು ತಲೆನೋವು: ಒಂದೇ ಜಾಗದಲ್ಲಿ ಎಕ್ಸೆಪ್ಶನ್ ಮೇಲಿಂದ ಮೇಲೆ ಬಂದರೆ ಹಾಟ್‌ಸ್ಪಾಟ್ ಮೊದಲೇ ಮಾಡಿಟ್ಟ, ಸ್ಟಾಕ್ ಟ್ರೇಸ್ (ತಪ್ಪು ಎಲ್ಲಾಯಿತೆಂದು ತೋರಿಸುವ ಕರೆಗಳ ಪಟ್ಟಿ) ಇಲ್ಲದ ಎಕ್ಸೆಪ್ಶನ್ ಎಸೆಯತೊಡಗುತ್ತದೆ. ಬೆಳಿಗ್ಗೆ ಲಾಗ್ ತೆರೆದವರಿಗೆ ಹೆಸರು ಮಾತ್ರ ಕಾಣುತ್ತದೆ, ಸಾಲು ಸಂಖ್ಯೆ ಇಲ್ಲ. ಹಿಂದಿನ ಗಂಟೆಗಳ ಲಾಗ್‌ನಲ್ಲಿ ಪೂರ್ಣ ಟ್ರೇಸ್ ಹುಡುಕಬೇಕು, ಇಲ್ಲವೇ ‘ಓಮಿಟ್ ಸ್ಟಾಕ್ ಟ್ರೇಸ್ ಇನ್ ಫಾಸ್ಟ್ ಥ್ರೋ’ ಆಯ್ಕೆಯನ್ನು ಆಫ್ ಮಾಡಿಡಬೇಕು. ಯಾವುದು ನಲ್ ಆಗಿತ್ತು ಎಂದು ಹೇಳುವ ಸಂದೇಶ ಬಂದದ್ದು 2020ರ ಜಾವಾ ಆವೃತ್ತಿ ಜೆಡಿಕೆ 14ರಲ್ಲಿ. ಅಷ್ಟು ತಡವಾಗಬೇಕಿರಲಿಲ್ಲ.

ಎಲ್ಲ ಫಾಲ್ಟ್‌ಗಳನ್ನೂ ಎಕ್ಸೆಪ್ಶನ್ ಮಾಡಿ ಮುಂದುವರಿಯೋಣ ಎಂಬ ಆಸೆ ಮಾತ್ರ ಅಪಾಯಕಾರಿ. ಮೊದಲ ಪೇಜ್‌ನ ಫಾಲ್ಟ್ ಬಹುತೇಕ ನಲ್. ಎಲ್ಲೋ ದೂರದ ವಿಳಾಸದ್ದಾದರೆ ಯಾರೋ ಮೆಮೊರಿಯ ಮೇಲೆ ಗೀಚಿರುವ ಸಂಭವ ಹೆಚ್ಚು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 2010ರ 4ನೇ ಆವೃತ್ತಿಯಿಂದ ಇಂಥವನ್ನು ಸಾಮಾನ್ಯ ಕ್ಯಾಚ್‌ಗೆ ಕೊಡುವುದನ್ನು ನಿಲ್ಲಿಸಿತು, ಅದು ಸರಿಯಾದ ಹೆಜ್ಜೆ. ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಈ ಕರಾವಳಿಯಲ್ಲಿ ಖಾತೆ ಬರೆಯುವ ಪ್ರೋಗ್ರಾಂ ಕೆಟ್ಟ ಮೆಮೊರಿಯಿಂದ ಓದಿ ಡೇಟಾಬೇಸ್‌ಗೆ ಬರೆಯುವುದು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಜಾವಾ ಸರ್ವರ್ ಬಿದ್ದಾಗ ಕ್ರ್ಯಾಶ್‌ನ ವಿವರ ಇರುವ ಎಚ್‌ಎಸ್-ಎರರ್ ಫೈಲ್ ತೆರೆದು ಫಾಲ್ಟ್‌ನ ವಿಳಾಸವನ್ನೂ ‘ಪ್ರಾಬ್ಲಮ್ಯಾಟಿಕ್ ಫ್ರೇಮ್’ನ ಮೊದಲ ಅಕ್ಷರವನ್ನೂ ನೋಡಿ. ‘ಸಿ’ ಇದ್ದರೆ ಹೊರಗಿನ ಲೈಬ್ರರಿಯ ಕೋಡ್, ‘ವಿ’ ಇದ್ದರೆ ರನ್‌ಟೈಮ್‌ನದೇ. ‘ಜೆ’ ಇದ್ದರೆ ಕಂಪೈಲ್ ಆದ ಜಾವಾ ಕೋಡ್; ಅಲ್ಲಿ ವಿಳಾಸ ದೊಡ್ಡದಿದ್ದರೆ ಮೆಮೊರಿ ಅದಕ್ಕೂ ಮೊದಲೇ ಬೇರೆಲ್ಲೋ ಕೆಟ್ಟಿರಬಹುದು.